‘ಸಮುದ್ರಕ್ಕೆ ಇಳಿಯಬೇಡಿ’ ಅಂದರೆ ಸಾಕಾ? ಕಲಿಸೋದು ಯಾವಾಗ?

ಸಂಪಾದಕರಿಗೆ ನಮಸ್ಕಾರ.

ನಮ್ಮ ಉತ್ತರ ಕನ್ನಡ ಜಿಲ್ಲೆಯ ಕಡಲಿನಲ್ಲಿ ಯಾರಾದರೂ ಮುಳುಗಿ ತೀರಿಕೊಂಡ ಸುದ್ದಿ ಬಂದಾಗಲೆಲ್ಲ ಕೊನೆಗೆ ಒಂದು ಸಾಲು ಇದ್ದೇ ಇರುತ್ತದೆ: ಪ್ರವಾಸಿಗರು ಎಚ್ಚರಿಕೆ ವಹಿಸಬೇಕು. 2024ರ ಡಿಸೆಂಬರ್‌ನಲ್ಲಿ ಕೋಲಾರ ಜಿಲ್ಲೆಯಿಂದ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ಹುಡುಗಿಯರು ಮುರ್ಡೇಶ್ವರದಲ್ಲಿ ನೀರುಪಾಲಾದಾಗಲೂ ಅದೇ ಮಾತು ಕೇಳಿದೆವು. ಆ ಮಕ್ಕಳಿಗೆ ಸಮುದ್ರ ಹೇಗಿರುತ್ತೆ ಅಂತ ಯಾರು ಹೇಳಿಕೊಟ್ಟಿದ್ದರು? ಎಚ್ಚರಿಕೆ ಅಂದರೆ ಏನು, ಅದನ್ನು ಎಲ್ಲಿ ಕಲಿಯಬೇಕು, ಯಾರು ಕಲಿಸಬೇಕು? ಇದನ್ನು ಯಾರೂ ಹೇಳೋದಿಲ್ಲ. ಈ ಪತ್ರ ಬರೆಯುತ್ತಿರೋದು ಅದಕ್ಕೇ. ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಜಾಗ ಕೊಡಿ.

ನಾನು ಶಿರಸಿ ಕಡೆಯವಳು, ಕೆಲಸದ ಸಲುವಾಗಿ ಕಾರವಾರಕ್ಕೆ ಬಂದು ಇಲ್ಲೇ ಉಳಿದವಳು. ವಯಸ್ಸು ನಲವತ್ತು ದಾಟಿದೆ. ನೀರು ಅಂದರೆ ಚಿಕ್ಕಂದಿನಿಂದ ಹೆದರಿಕೆ. ಘಟ್ಟದ ಮೇಲೆ ಬೆಳೆದ ಮಕ್ಕಳಿಗೆ ಹೊಳೆ ಹತ್ತಿರವೇ ಇರುತ್ತದೆ, ಆದರೆ ಹೊಳೆ ಬಗ್ಗೆ ಮನೆಯಲ್ಲಿ ಹೇಳೋದು ಒಂದೇ ಮಾತು: ಆ ಕಡೆ ಹೋಗಬೇಡ, ಸುಳಿ ಇದೆ. ಗಂಡುಮಕ್ಕಳು ಕದ್ದುಮುಚ್ಚಿ ಹೋಗಿ ಹೇಗೋ ಈಜು ಕಲಿತುಬಿಡುತ್ತಿದ್ದರು. ನಮಗೆ ಅದೂ ಇರಲಿಲ್ಲ. ಮೊಣಕಾಲಿಗಿಂತ ಮೇಲೆ ನೀರು ಬಂದರೆ ಎದೆ ಡವಡವ ಅನ್ನೋದು ನನಗೆ ಮದುವೆಯಾಗಿ ಮಕ್ಕಳಾದ ಮೇಲೂ ಹೋಗಿರಲಿಲ್ಲ.

ಅಂಥ ನಾನು ಕಳೆದ ಮಳೆಗಾಲ ಮುಗಿದ ಮೇಲೆ ಗೋವಾದಲ್ಲಿ ನಡೆದ ಒಂದು ಸ್ಪ್ರಿಂಟ್ ಟ್ರಯಥ್ಲಾನ್ ಮುಗಿಸಿದೆ. ಸಮುದ್ರದಲ್ಲಿ 750 ಮೀಟರ್ ಈಜು, ಅದಾದ ಕೂಡಲೇ 20 ಕಿ.ಮೀ. ಸೈಕಲ್, ಅದಾದ ಕೂಡಲೇ 5 ಕಿ.ಮೀ. ಓಟ. ನಡುವೆ ಗಡಿಯಾರ ನಿಲ್ಲೋದಿಲ್ಲ. ಬಟ್ಟೆ ಸರಿಮಾಡಿಕೊಳ್ಳೋದು, ಶೂ ಹಾಕೋದು ಎಲ್ಲ ಆ ಸಮಯದಲ್ಲೇ ಸೇರುತ್ತದೆ. ಟ್ರಯಥ್ಲಾನ್‌ಗಳಲ್ಲಿ ಇದು ಚಿಕ್ಕದು. 2000ನೇ ಇಸವಿಯ ಸಿಡ್ನಿ ಒಲಿಂಪಿಕ್ಸ್‌ನಿಂದ ಆಡಿಸುತ್ತಿರೋದು ಇದರ ಎರಡರಷ್ಟು ದೂರದ್ದು. 2019ರಲ್ಲಿ ಪಣಜಿಯ ಮೀರಾಮಾರ್‌ನಲ್ಲಿ ಶುರುವಾದ ಐರನ್‌ಮ್ಯಾನ್ 70.3 ಇನ್ನೂ ದೊಡ್ಡದು, 1.9 ಕಿ.ಮೀ. ಈಜು, 90 ಕಿ.ಮೀ. ಸೈಕಲ್, 21.1 ಕಿ.ಮೀ. ಓಟ. ಸಂಸದ ತೇಜಸ್ವಿ ಸೂರ್ಯ 2024ರಲ್ಲಿ ಅದನ್ನು ಮುಗಿಸಿದ ಮೇಲೆ ನಮ್ಮ ಕಡೆಯೂ ಆ ಹೆಸರು ಜಾಸ್ತಿ ಕೇಳಿಬಂತು. ನಾನು ಅದರ ಹತ್ತಿರವೂ ಹೋಗಿಲ್ಲ, ಹೋಗುವ ಆಸೆಯೂ ಸದ್ಯಕ್ಕಿಲ್ಲ. ಆದರೆ ನೀರಿಗೆ ಹೆದರುವ ಒಬ್ಬಳು ನಡುವಯಸ್ಸಿನ ಹೆಂಗಸು ಸಮುದ್ರದಲ್ಲಿ ಮುಕ್ಕಾಲು ಕಿಲೋಮೀಟರ್ ಈಜಿ ಎದ್ದು ಬರಬಹುದು ಅನ್ನೋದು ಚಿಕ್ಕ ವಿಷಯ ಅಲ್ಲ. ಅದು ಹೇಗೆ ಆಯಿತು ಅಂತ ನಿಮ್ಮ ಓದುಗರಿಗೆ, ಮುಖ್ಯವಾಗಿ ಇನ್ನು ನಮ್ಮ ಕೈಲಿ ಎಲ್ಲಿ ಆಗುತ್ತೆ ಅಂದುಕೊಂಡಿರುವವರಿಗೆ ಹೇಳಬೇಕು.

ಸೈಕಲ್ಲು, ಓಟ ನನಗೆ ಮೊದಲಿನಿಂದ ರೂಢಿ. ನಮ್ಮದೊಂದು ಸಣ್ಣ ಗುಂಪಿದೆ. ಬೆಳಕು ಹರಿಯುವ ಮೊದಲೇ ಹೊರಟು ಮಾಜಾಳಿ ಕಡೆಗೋ, ಅಂಕೋಲಾ ಕಡೆಗೋ ಹೋಗಿ ಬರುತ್ತೇವೆ. 2024ರ ಆಗಸ್ಟ್‌ನಲ್ಲಿ ಕಾಳಿ ನದಿಯ ಹಳೆಯ ಸೇತುವೆ ಕುಸಿದ ಮೇಲೆ ಹೋಗೋ ಬರೋ ಲಾರಿ, ಬಸ್ಸು ಎಲ್ಲ ಉಳಿದ ಒಂದೇ ಸೇತುವೆ ಮೇಲೆ ಓಡತೊಡಗಿದವು. ಅಲ್ಲಿ ಸೈಕಲ್ ತುಳಿಯೋದು ನಿಜಕ್ಕೂ ಕಷ್ಟ ಆಯಿತು. ಆದರೂ ಅದು ಗೊತ್ತಿರುವ ಕಷ್ಟ, ಬೇಗ ಹೊರಟರೆ ತಪ್ಪಿಸಿಕೊಳ್ಳಬಹುದು. ಗುಂಪಿನವರು ಟ್ರಯಥ್ಲಾನ್ ಮಾತು ತೆಗೆದಾಗ ನನ್ನ ಮುಂದೆ ಇದ್ದದ್ದು ಒಂದೇ ಪ್ರಶ್ನೆ. ಈಜು.

ಮೊದಲು ಒಂದು ಕೊಳಕ್ಕೆ ಸೇರಿದೆ. ಎಲ್ಲಿ ಅಂತ ಹೇಳೋದಿಲ್ಲ, ಅದು ಬೇಕಾಗಿಯೂ ಇಲ್ಲ. ಅಲ್ಲಿ ಕಲಿಸುತ್ತಿದ್ದವರು ಆಳದ ಕಡೆ ನಿಲ್ಲಿಸಿ, ನಾನು ಬೇಡ ಅನ್ನುತ್ತಿದ್ದಾಗಲೇ ಹಿಂದಿನಿಂದ ತಳ್ಳಿದರು. ಹಾಗೆ ತಳ್ಳಿದರೆ ಹೆದರಿಕೆ ಹೋಗುತ್ತೆ, ನಮ್ಮ ಕಾಲದಲ್ಲಿ ಹೀಗೇ ಕಲಿಸೋದು ಅಂತ ಅವರ ವಾದ. ಮೂಗಿಗೆ, ಗಂಟಲಿಗೆ ನೀರು ಹೋಗಿ, ಕಂಬಿ ಹಿಡಿದು ಮೇಲೆ ಬಂದವಳು ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಈ ಪದ್ಧತಿ ನಮ್ಮ ಕಡೆ ಎಷ್ಟು ಸಾಮಾನ್ಯ ಅಂದರೆ ಯಾರಿಗೂ ಇದು ತಪ್ಪು ಅಂತ ಅನ್ನಿಸೋದೇ ಇಲ್ಲ. ಬಾವಿಗೆ ತಳ್ಳಿ ಕಲಿಸಿದರು, ಕೆರೆಗೆ ಎಸೆದು ಕಲಿಸಿದರು ಅಂತ ಹೆಮ್ಮೆಯಿಂದ ಹೇಳುವವರಿದ್ದಾರೆ. ಹಾಗೆ ತಳ್ಳಿಸಿಕೊಂಡು ಜೀವನಪೂರ್ತಿ ನೀರಿಗೆ ಇಳಿಯದವರು ಎಷ್ಟು ಜನ ಅಂತ ಯಾರಾದರೂ ಕೇಳಿದ್ದಾರಾ? ನಾನು ನನ್ನ ಅನುಭವ ಹೇಳಿದ ಕಡೆಯೆಲ್ಲ ಒಬ್ಬರಾದರೂ ‘ನನಗೂ ಹೀಗೇ ಆಗಿತ್ತು’ ಅಂದಿದ್ದಾರೆ.

ಆಮೇಲೆ ಸಿಕ್ಕವರು ನೌಕಾಪಡೆಯಿಂದ ನಿವೃತ್ತರಾಗಿ ಇಲ್ಲೇ ನೆಲೆಸಿದ ಒಬ್ಬ ಹಿರಿಯರು. ಅವರು ನನ್ನನ್ನು ಮೊದಲ ಕೆಲವು ವಾರ ಈಜಲು ಬಿಡಲೇ ಇಲ್ಲ. ಸೊಂಟದ ಮಟ್ಟದ ನೀರಿನಲ್ಲಿ ನಿಲ್ಲಿಸಿ, ಮುಖ ಮುಳುಗಿಸಿ, ಮೂಗು ಬಾಯಿಂದ ಉಸಿರು ಹೊರಗೆ ಬಿಡು ಅಂದರು. ಗುಳುಗುಳು ಅಂತ ಗುಳ್ಳೆ ಬರಬೇಕು. ಮುಖ ಎತ್ತಿದಾಗ ಒಳಗೆ ಎಳೆದುಕೊಳ್ಳೋದು ಮಾತ್ರ. ಇಷ್ಟೇ ಕೆಲಸ.

ಇದು ಯಾಕೆ ಅಂತ ಅವರು ಬಿಡಿಸಿ ಹೇಳಿದ್ದು ನನಗೆ ಎಲ್ಲಕ್ಕಿಂತ ಜಾಸ್ತಿ ಉಪಯೋಗಕ್ಕೆ ಬಂತು. ಹೆದರಿದವರು ನೀರಿನಲ್ಲಿ ಮಾಡುವ ಮೊದಲ ಕೆಲಸ ಉಸಿರು ಕಟ್ಟೋದು. ಉಸಿರು ಕಟ್ಟಿದರೆ ಒಳಗೆ ಇಂಗಾಲದ ಡೈಆಕ್ಸೈಡ್ ಸೇರುತ್ತಾ ಹೋಗುತ್ತದೆ. ‘ಉಸಿರು ಬೇಕು, ಈಗಲೇ ಬೇಕು’ ಅನ್ನುವ ಒತ್ತಡ ಹುಟ್ಟೋದು ಮುಖ್ಯವಾಗಿ ಅದು ಜಾಸ್ತಿಯಾದಾಗ, ಆಮ್ಲಜನಕ ಮುಗಿದಾಗ ಅಲ್ಲ. ಅಂದರೆ ಸಾಯುತ್ತಿದ್ದೇನೆ ಅಂತ ಅನ್ನಿಸುವ ಹೊತ್ತಿನಲ್ಲೂ ಮೈಯಲ್ಲಿ ಬೇಕಾದಷ್ಟು ಆಮ್ಲಜನಕ ಇರುತ್ತದೆ. ಮುಖ ಮೇಲೆ ಬಂದಾಗ ಹಳೆಯ ಗಾಳಿ ಇನ್ನೂ ಎದೆಯಲ್ಲೇ ತುಂಬಿದ್ದರೆ ಹೊಸದಕ್ಕೆ ಜಾಗ ಎಲ್ಲಿ? ಅದಕ್ಕೇ ಏದುಸಿರು, ಅದಕ್ಕೇ ಗಾಬರಿ. ನೀರಿನೊಳಗೇ ನಿಧಾನವಾಗಿ ಬಿಡುತ್ತಾ ಇದ್ದರೆ ಈ ಸರಪಳಿ ಅಲ್ಲೇ ತುಂಡಾಗುತ್ತದೆ. ಇದು ಗೊತ್ತಾದ ದಿನ ನನ್ನ ಹೆದರಿಕೆಗೆ ಮೊದಲ ಸಲ ಒಂದು ಕಾರಣ ಸಿಕ್ಕಿತು. ಕಾರಣ ಸಿಕ್ಕಿದ್ದಕ್ಕೆ ಉಪಾಯ ಇರುತ್ತೆ, ಅಲ್ವಾ? ಅಲ್ಲಿಯವರೆಗೆ ನಾನು ಅಂಜುಬುರುಕಿ, ನನ್ನ ಸ್ವಭಾವವೇ ಹಾಗೆ ಅಂತ ನಂಬಿಸಿದ್ದರು.

ಆಮೇಲೆ ತೇಲೋದು. ಅಂಗಾತ ಮಲಗಿ, ಕಿವಿ ನೀರಿನಲ್ಲಿ ಮುಳುಗಿಸಿ, ಕೈ ಚಾಚಿ ಸುಮ್ನೆ ಇರೋದು. ಎದೆಯಲ್ಲಿ ಗಾಳಿ ಇರೋವರೆಗೆ ಮೇಲ್ಭಾಗ ತಾನಾಗಿ ತೇಲುತ್ತದೆ, ಕಾಲು ಭಾರ. ತಲೆ ಎತ್ತಿದಷ್ಟೂ ಕಾಲು ಕೆಳಗೆ ಹೋಗುತ್ತದೆ. ಹೆದರಿದವರು ತಲೆಯನ್ನೇ ಎತ್ತಿ ಹಿಡಿಯುತ್ತಾರೆ, ಹಾಗಾಗಿ ಮುಳುಗುತ್ತಾರೆ. ಇದನ್ನು ಓದಿದರೆ ಸುಲಭ ಅನ್ನಿಸುತ್ತೆ. ಆದರೆ ತಲೆಯನ್ನು ನೀರಿಗೆ ಒಪ್ಪಿಸೋಕೆ ನನಗೆ ತುಂಬಾ ದಿನ ಹಿಡಿಯಿತು. ಅವರು ಅಂಗೈಯನ್ನು ನನ್ನ ತಲೆಯ ಕೆಳಗೆ ಇಟ್ಟಿರುತ್ತಿದ್ದರು, ಒತ್ತುತ್ತಿರಲಿಲ್ಲ, ಎತ್ತುತ್ತಲೂ ಇರಲಿಲ್ಲ. ಒಂದು ದಿನ ಕೈ ಯಾವಾಗ ತೆಗೆದರು ಅಂತ ನನಗೆ ಗೊತ್ತೇ ಆಗಲಿಲ್ಲ. ಕೈಕಾಲು ಬಡಿಯೋದು, ಫ್ರೀಸ್ಟೈಲ್, ಪಕ್ಕಕ್ಕೆ ಹೊರಳಿ ಉಸಿರು ತೆಗೆದುಕೊಳ್ಳೋದು ಎಲ್ಲ ಆಮೇಲೆ ಬಂತು. ಅದು ಅಭ್ಯಾಸದ ಮಾತು, ಅದರ ಬಗ್ಗೆ ಜಾಸ್ತಿ ಬರೆಯೋದಿಲ್ಲ.

ಕೊಳ ಬೇರೆ, ಸಮುದ್ರ ಬೇರೆ. ಕೊಳದಲ್ಲಿ ಕೆಳಗೆ ಟೈಲ್ಸ್ ಕಾಣುತ್ತದೆ, ಕಪ್ಪು ಗೆರೆ ಕಾಣುತ್ತದೆ, ಗೋಡೆ ಕೈಗೆ ಸಿಗುತ್ತದೆ. ನಮ್ಮ ಟ್ಯಾಗೋರ್ ಕಡಲತೀರದಲ್ಲಿ ಎದೆಮಟ್ಟಕ್ಕೆ ಹೋಗಿ ಮುಖ ಮುಳುಗಿಸಿದರೆ ಹಸಿರು ಮಿಶ್ರಿತ ಕಂದು ಬಣ್ಣ ಬಿಟ್ಟರೆ ಏನೂ ಇಲ್ಲ. ಮಳೆಗಾಲ ಮುಗಿದ ಹೊಸತರಲ್ಲಿ ಕಾಳಿ ತಂದು ಸುರಿದ ಮಣ್ಣು ನೀರಿನಲ್ಲೇ ಇರುತ್ತದೆ. ಚಾಚಿದ ಕೈಯ ಬೆರಳು ಕಾಣೋದಿಲ್ಲ. ಆ ಏನೂ ಕಾಣದಿರೋದೇ ಹೆದರಿಕೆಯ ಅರ್ಧ ಭಾಗ. ಕಾಲಿಗೆ ಏನೋ ತಾಗಿದ ಹಾಗೆ ಅನ್ನಿಸುತ್ತದೆ. ತಳ ಎಲ್ಲಿದೆ ಗೊತ್ತಾಗೋದಿಲ್ಲ. ಆದರೆ ಒಂದು ಒಳ್ಳೆಯದೂ ಇದೆ. ಉಪ್ಪು ನೀರು ಸಿಹಿ ನೀರಿಗಿಂತ ಸ್ವಲ್ಪ ದಟ್ಟ, ಮೈಯನ್ನು ಜಾಸ್ತಿ ಎತ್ತಿ ಹಿಡಿಯುತ್ತದೆ. ಕೊಳದಲ್ಲಿ ಮುಳುಗುತ್ತಿದ್ದ ನನ್ನ ಕಾಲು ಸಮುದ್ರದಲ್ಲಿ ಮೇಲೆ ಬಂತು. ಮೊದಲ ದಿನ ಕಾಲು ಎಟುಕದ ಜಾಗದಲ್ಲಿ ಅಂಗಾತ ಮಲಗಿ ತೇಲಿದಾಗ, ಆ ಹಿರಿಯರು ಪಕ್ಕದಲ್ಲಿ ಕಿತ್ತಳೆ ಬಣ್ಣದ ತೇಲುಚೀಲ ಹಿಡಿದುಕೊಂಡು ಇದ್ದಾಗ, ನನಗೆ ಅಳು ಬಂತು. ಹೆದರಿಕೆಗೆ ಅಲ್ಲ.

ಇಲ್ಲಿ ಇನ್ನೊಂದು ಮಾತು ಹೇಳಬೇಕು. ಕಾರವಾರದ ಕೊಲ್ಲಿ ನಿಜಕ್ಕೂ ಭಾಗ್ಯ. ದಕ್ಷಿಣಕ್ಕೆ ಬೈತಖೋಲ್ ಗುಡ್ಡ, ಎದುರಿಗೆ ಕೂರ್ಮಗಡ, ದೇವಗಡ ದ್ವೀಪಗಳು. ಇವುಗಳ ಆಸರೆಯಲ್ಲಿ ಅಲೆಯ ಅಬ್ಬರ ಗೋಕರ್ಣ, ಮುರ್ಡೇಶ್ವರಕ್ಕಿಂತ ಕಡಿಮೆ. ಬೆಳಗಿನ ಹೊತ್ತು ಗಾಳಿ ನೆಲದ ಕಡೆಯಿಂದ ಮೆಲ್ಲಗೆ ಬೀಸುವಾಗ ನೀರು ಹೆಚ್ಚುಕಡಿಮೆ ಸಮತಟ್ಟಾಗಿರುತ್ತದೆ. ಮಧ್ಯಾಹ್ನದ ನಂತರ ಕಡಲ ಗಾಳಿ ಎದ್ದರೆ ಅದೇ ಜಾಗ ಬೇರೆಯೇ ಆಗುತ್ತದೆ. ಕೋಡಿಬಾಗದ ಕಡೆ, ಕಾಳಿಯ ಅಳಿವೆಯ ಹತ್ತಿರ ಮಾತ್ರ ಹೋಗಬಾರದು. ಇಳಿತದ ಹೊತ್ತಿನಲ್ಲಿ ನದಿಯ ನೀರೆಲ್ಲ ಅಲ್ಲಿಂದಲೇ ಹೊರಗೆ ನುಗ್ಗುತ್ತದೆ. ಇದೆಲ್ಲ ನನಗೆ ಗೊತ್ತಾಗಿದ್ದು ಪುಸ್ತಕದಿಂದ ಅಲ್ಲ, ದಂಡೆಯಲ್ಲಿ ರಂಪಣಿ ಬಲೆ ಎಳೆಯುವವರಿಂದ. ಅವರನ್ನು ಕೇಳದೆ ನಾವು ಒಂದು ದಿನವೂ ಇಳಿದಿಲ್ಲ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು ಭರತ ಇಳಿತ ಎರಡೂ ಜೋರು ಅಂತ, ಬಲೆ ಎಲ್ಲಿ ಬಿಟ್ಟಿದೆ ಅಂತ, ಇವತ್ತು ಬೇಡ ಅಂತ ಅವರು ಹೇಳಿದರೆ ಅಲ್ಲಿಗೆ ಮುಗಿಯಿತು, ಮನೆಗೆ ವಾಪಸ್.

ಅವರೇ ತೋರಿಸಿಕೊಟ್ಟ ಒಂದು ವಿಷಯವನ್ನು ನಿಮ್ಮ ಪತ್ರಿಕೆ ದಯವಿಟ್ಟು ದೊಡ್ಡ ಅಕ್ಷರದಲ್ಲಿ ಹಾಕಬೇಕು. ಗೋಕರ್ಣದ ಕಡೆ ಹೋಗಿದ್ದಾಗ ದಂಡೆಯ ಮೇಲೆ ನಿಂತು ಕೈ ತೋರಿಸಿ ಕೇಳಿದರು, ಇಲ್ಲಿ ಇಳಿಯೋದಾದರೆ ಎಲ್ಲಿ ಇಳಿಯುತ್ತೀರಿ? ಎರಡು ಕಡೆ ಬಿಳಿ ನೊರೆಯ ಅಲೆ ಒಡೆಯುತ್ತಿತ್ತು. ನಡುವೆ ಒಂದಿಷ್ಟು ಅಗಲ ಅಲೆಯೇ ಇಲ್ಲದೆ ಶಾಂತವಾಗಿ, ಸ್ವಲ್ಪ ಗಾಢ ಬಣ್ಣದಲ್ಲಿತ್ತು. ಯಾರಾದರೂ ಅದನ್ನೇ ತೋರಿಸುತ್ತಾರೆ. ಅಲೆ ಇಲ್ಲದ ಜಾಗ ಸುರಕ್ಷಿತ ಅಂತ ಘಟ್ಟದ ಮೇಲಿನವರಿಗೆ, ಬಯಲುಸೀಮೆಯವರಿಗೆ ಅನ್ನಿಸೋದು ಸಹಜ. ಆದರೆ ಸೆಳೆತ ಇರೋದೇ ಅಲ್ಲಿ. ಎರಡೂ ಕಡೆ ದಂಡೆಗೆ ಬಂದು ಬಿದ್ದ ನೀರು ವಾಪಸ್ ಹೋಗುವ ದಾರಿ ಅದು, ಅದಕ್ಕೇ ಅಲ್ಲಿ ಅಲೆ ಒಡೆಯೋದಿಲ್ಲ. ಅದರಲ್ಲಿ ಸಿಕ್ಕಿದವರು ನೇರ ದಂಡೆಯ ಕಡೆಗೆ ಈಜುತ್ತಾ ಸುಸ್ತಾಗಿ ಮುಳುಗುತ್ತಾರೆ. ಮಾಡಬೇಕಾದದ್ದು ಬೇರೆ. ಗಾಬರಿಯಾಗದೆ ತೇಲಬೇಕು, ಕೈ ಎತ್ತಿ ಕೂಗಬೇಕು. ಈಜು ಬಂದರೆ ದಂಡೆಗೆ ಸಮಾನಾಂತರವಾಗಿ ಪಕ್ಕಕ್ಕೆ ಹೋಗಿ, ಅಲೆ ಒಡೆಯುವ ಕಡೆಯಿಂದ ವಾಪಸ್ ಬರಬೇಕು. ಸೆಳೆತ ಯಾರನ್ನೂ ಕೆಳಕ್ಕೆ ಎಳೆಯೋದಿಲ್ಲ, ದೂರಕ್ಕೆ ಒಯ್ಯುತ್ತದೆ, ಅಷ್ಟೇ. ಪ್ರವಾಸಕ್ಕೆ ಬರುವ ಬಸ್ಸಿನಲ್ಲಿ ಇದನ್ನು ಹೇಳೋಕೆ ಹತ್ತು ನಿಮಿಷವೂ ಬೇಡ. ಯಾರು ಹೇಳುತ್ತಾರೆ?

ಈಜು ಕಲಿಯುವ ಹೆಂಗಸರ ಕಷ್ಟವನ್ನೂ ಬರೆಯದೆ ಇರಲಾರೆ. ಮೈತುಂಬ ಈಜುಡುಗೆ ಹಾಕಿಕೊಂಡು ಹೋದರೂ ದಂಡೆಯ ಮೇಲೆ ನಿಂತು ನೋಡುವವರು ಇರುತ್ತಾರೆ, ಫೋನ್ ಎತ್ತುವವರೂ ಇರುತ್ತಾರೆ. ನಾವು ಗುಂಪಿನಲ್ಲಿ ಹೋಗುತ್ತಿದ್ದೆವು, ಹಾಗಾಗಿ ನಡೆಯಿತು. ಒಬ್ಬಳೇ ಆಗಿದ್ದರೆ ಎರಡನೇ ದಿನವೇ ಬಿಡುತ್ತಿದ್ದೆ. ಬಟ್ಟೆ ಬದಲಿಸಲು ಒಂದು ಕೋಣೆ, ಸಿಹಿ ನೀರಿನ ಒಂದು ನಲ್ಲಿ, ಇಷ್ಟು ಇದ್ದರೆ ಎಷ್ಟು ಜನ ಹೆಂಗಸರು ಬರುತ್ತಾರೆ ನೋಡಿ. ನನ್ನ ಜೊತೆ ಕೆಲಸ ಮಾಡುವವರಲ್ಲೇ ಕೇಳುವವರಿದ್ದಾರೆ, ‘ನಮಗೂ ಕಲಿಸ್ತಾರಾ’ ಅಂತ.

ಇನ್ನು ಸ್ಪರ್ಧೆಯ ದಿನ. ಟ್ರಯಥ್ಲಾನ್‌ಗಳಲ್ಲಿ ಆಗುವ ಸಾವುಗಳಲ್ಲಿ ಹೆಚ್ಚಿನವು ಈಜಿನಲ್ಲೇ ಆಗೋದು ಅಂತ ಅಮೆರಿಕದ ಅಧ್ಯಯನದಲ್ಲಿ ಓದಿದ್ದೆ. ಅದಕ್ಕೇ ಮೊದಲು ವೈದ್ಯರ ಹತ್ತಿರ ಹೋಗಿ ಹೃದಯ, ಬಿಪಿ ಎಲ್ಲ ನೋಡಿಸಿಕೊಂಡೆ. ನಲವತ್ತು ದಾಟಿದವರು ಯಾರೇ ಆದರೂ ಇದನ್ನು ಬಿಡಬಾರದು. ಹೆಸರು ಕೊಟ್ಟ ಮೇಲೆ ನಿಯಮಗಳನ್ನು ಓದಿದೆ, ಮತ್ತೆ ಮತ್ತೆ ಓದಿದೆ. ಅದರಲ್ಲಿ ನನಗೆ ಜೀವ ಕೊಟ್ಟ ಎರಡು ವಿಷಯ ಇದ್ದವು. ಈಜುವಾಗ ಸುಸ್ತಾದರೆ ತೇಲುವ ಬೋಯ್ (ದಾರಿ ಗುರುತಿಗೆ ನೀರಿನಲ್ಲಿ ಕಟ್ಟಿದ ತೇಲುಬುರುಡೆ) ಅನ್ನೋ, ನಿಂತಿರುವ ದೋಣಿಯನ್ನೋ ಹಿಡಿದು ದಣಿವು ಆರಿಸಿಕೊಳ್ಳಬಹುದು, ಅದರ ಸಹಾಯದಿಂದ ಮುಂದೆ ಹೋಗಬಾರದು ಅಷ್ಟೇ. ಸಹಾಯ ಬೇಕಾದರೆ ಒಂದು ಕೈ ಮೇಲೆತ್ತಿ ಕೂಗಬೇಕು. ಹಾಗೆ ಹಿಡಿದುಕೊಂಡರೆ ಸ್ಪರ್ಧೆಯಿಂದ ಹೊರಗೆ ಅಂತ ನಾನು ಕೇಳಿದ್ದೆ, ಹಾಗಲ್ಲ. ಇದು ಗೊತ್ತಿಲ್ಲದೆ ಎಷ್ಟು ಜನ ಹೆಸರು ಕೊಡದೆ ಹಿಂದೆ ಸರಿಯುತ್ತಾರೋ. ವೆಟ್‌ಸೂಟ್ (ರಬ್ಬರಿನಂಥ ದಪ್ಪ ಈಜುಡುಗೆ) ಹಾಕಿದರೆ ತೇಲೋದು ಸುಲಭ ಅಂತಲೂ ಕೇಳಿದ್ದೆ. ನಮ್ಮ ಕಡಲು ಬೆಚ್ಚಗಿರುತ್ತದೆ, ಇಷ್ಟು ಬೆಚ್ಚಗಿನ ನೀರಿನಲ್ಲಿ ಅದಕ್ಕೆ ಅವಕಾಶ ಇರೋದಿಲ್ಲ.

ಬೆಳಿಗ್ಗೆ ದಂಡೆಯಲ್ಲಿ ಬಣ್ಣಬಣ್ಣದ ಟೋಪಿಯ ಜನಸಂದಣಿ ನೋಡಿ ಹೊಟ್ಟೆ ತಿರುಗಿತು. ನಮ್ಮ ಹಿರಿಯರು ಮೊದಲೇ ಹೇಳಿದ್ದರು, ಹಿಂದೆ ನಿಲ್ಲು, ಬದಿಯಲ್ಲಿ ನಿಲ್ಲು, ಎಲ್ಲರೂ ಹೋದ ಮೇಲೆ ಮನಸ್ಸಿನಲ್ಲಿ ಹತ್ತು ಎಣಿಸಿ ಹೊರಡು ಅಂತ. ಹಾಗೇ ಮಾಡಿದೆ. ಆದರೂ ಮೊದಲ ಬೋಯ್ ತಲುಪುವ ಮೊದಲೇ ಯಾರದೋ ಕಾಲು ಭುಜಕ್ಕೆ ತಾಗಿತು, ಒಂದು ಅಲೆ ಬಾಯಿಗೆ ಬಂತು, ಕೆಮ್ಮು ಹತ್ತಿತು. ಉಸಿರು ಮೇಲೆ ಮೇಲೆ ಹೋಯಿತು. ಈಜುಗನ್ನಡಕದೊಳಗೆ ಮಂಜು. ಹಿಂದಿನ ಆ ಕೊಳದ ಕಂಬಿ ನೆನಪಾಯಿತು. ಆಗ ಕೈಕಾಲು ತಾನಾಗಿ ಕಲಿತದ್ದನ್ನು ಮಾಡಿದವು. ಹೊರಳಿ ಅಂಗಾತ ಮಲಗಿದೆ. ಕಿವಿ ನೀರಿಗೆ ಹೋಯಿತು, ಗದ್ದಲ ನಿಂತಿತು. ಉದ್ದಕ್ಕೆ ಉಸಿರು ಬಿಟ್ಟೆ, ಮತ್ತೆ ಬಿಟ್ಟೆ. ಕಾವಲಿಗಿದ್ದ ಕಯಾಕ್ ಅನ್ನುವ ಸಣ್ಣ ದೋಣಿಯಲ್ಲಿದ್ದ ಹುಡುಗ ಹತ್ತಿರ ಬಂದು ಕೊಂಕಣಿಯಲ್ಲಿ ಏನೋ ಕೇಳಿದ. ಕಯಾಕ್‌ನ ಮೂತಿ ಹಿಡಿದುಕೊಂಡೆ. ಅವನು ಅವಸರ ಮಾಡಲಿಲ್ಲ, ವಾಪಸ್ ಹೋಗೋಣವಾ ಅಂತ ಕೇಳಲೂ ಇಲ್ಲ. ಸುಮ್ನೆ ಹುಟ್ಟು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದ. ನಾನು ಕನ್ನಡಕ ತೊಳೆದು ಹಾಕಿಕೊಂಡೆ, ಬಿಟ್ಟು ಹೊರಟೆ.

ಅಲ್ಲಿಂದ ಮುಂದೆ ಅದು ಈಜು, ಹೆದರಿಕೆ ಅಲ್ಲ. ಕೆಲವು ಸಲ ಕೈ ಹಾಕೋದು, ಮತ್ತೆ ತಲೆ ಎತ್ತಿ ದಿಕ್ಕು ನೋಡೋದು. ಕಾಳಿಯ ಮೊಸಳೆಯನ್ನು ದಾಂಡೇಲಿಯಲ್ಲಿ ನೋಡಿದವರಿಗೆ ಗೊತ್ತು, ಅದು ಕಣ್ಣು, ಮೂಗಿನ ತುದಿ ಬಿಟ್ಟರೆ ಹೆಚ್ಚೇನೂ ನೀರಿನ ಮೇಲೆ ಇಡೋದಿಲ್ಲ. ನೋಡೋಕೆ ಕಣ್ಣು ಅಷ್ಟೇ ಎತ್ತಬೇಕು, ಉಸಿರಿಗೆ ಪಕ್ಕಕ್ಕೆ ಹೊರಳಬೇಕು. ಇಲ್ಲಿ ಟ್ಯಾಗೋರ್ ತೀರದಲ್ಲಿ ಅಭ್ಯಾಸ ಮಾಡುವಾಗ ಸದಾಶಿವಗಡದ ಗುಡ್ಡವನ್ನು ಗುರಿ ಇಟ್ಟುಕೊಂಡು ಇದನ್ನು ಕಲಿತಿದ್ದೆ. ಅಲ್ಲಿ ಗುಡ್ಡದ ಬದಲು ಬೋಯ್ ಇತ್ತು. ಕೊನೆಯ ತಿರುವು ಮುಗಿಸಿ ಕೈಗೆ ಮರಳು ತಾಗಿದಾಗ ನನ್ನ ಹಿಂದೆ ಇನ್ನೂ ಕೆಲವರಿದ್ದರು. ಅವರನ್ನೂ ಕಯಾಕ್‌ಗಳು ಬಿಟ್ಟಿರಲಿಲ್ಲ.

ಸೈಕಲ್ಲು ಓಟದ ಬಗ್ಗೆ ಜಾಸ್ತಿ ಹೇಳೋದಿಲ್ಲ. ಒಂದು ಗೊತ್ತಿರಲಿ, ಹೆಲ್ಮೆಟ್ ಹಾಕಿ ಬಕಲ್ ಬಿಗಿಯುವ ಮೊದಲು ಸೈಕಲ್ ಮುಟ್ಟಬಾರದು, ಅದಕ್ಕೆ ದಂಡ ಇದೆ. ಸೈಕಲ್ ಇಳಿದು ಓಡಲು ಶುರು ಮಾಡಿದಾಗ ಕಾಲು ತನ್ನದಲ್ಲ ಅನ್ನಿಸುತ್ತದೆ, ಒಂದು ಕಿಲೋಮೀಟರ್ ಆದ ಮೇಲೆ ಸರಿಹೋಗುತ್ತದೆ. ಅದಕ್ಕೇ ಅಭ್ಯಾಸದಲ್ಲೂ ಸೈಕಲ್ ಇಳಿದ ಕೂಡಲೇ ಸ್ವಲ್ಪ ಓಡಬೇಕು. ಬಿಸಿಲು ಏರಿತ್ತು, ನಿಂಬೆಹಣ್ಣಿನ ಉಪ್ಪುನೀರು ಕುಡಿದೆ, ಮುಗಿಸಿದೆ. ಮಗಳು ಗೆರೆಯ ಆ ಕಡೆ ಅಳುತ್ತಾ ನಿಂತಿದ್ದಳು.

ಈಗ ನನ್ನ ಕೇಳಿಕೆಗೆ ಬರುತ್ತೇನೆ. ಆ ದಿನ ನನ್ನನ್ನು ಕಾಪಾಡಿದ್ದು ಧೈರ್ಯ ಅಲ್ಲ. ಉಸಿರು ಬಿಡಲು, ತೇಲಲು ಯಾರೋ ತಾಳ್ಮೆಯಿಂದ ಕಲಿಸಿದ್ದರು. ನೀರಿನಲ್ಲಿ ಬೋಯ್ ಇತ್ತು, ಕಯಾಕ್ ಇತ್ತು, ನೋಡುವ ಕಣ್ಣು ಇತ್ತು. ಇಷ್ಟನ್ನು ಸ್ಪರ್ಧೆಗೆ ದುಡ್ಡು ಕೊಟ್ಟವರಿಗೆ ಮಾತ್ರ ಯಾಕೆ ಕೊಡಬೇಕು? ನಮ್ಮ ಜಿಲ್ಲೆಗೆ ಸುಮಾರು 140 ಕಿ.ಮೀ. ಕರಾವಳಿ ಇದೆ. ಮುಳುಗೋದು ಹೊರಗಿನವರು ಮಾತ್ರ ಅಂತ ಹೇಳೋ ಹಾಗೂ ಇಲ್ಲ. 2019ರ ಜನವರಿಯಲ್ಲಿ ಕೂರ್ಮಗಡದ ಜಾತ್ರೆಯಿಂದ ವಾಪಸ್ ಬರುವಾಗ ದೋಣಿ ಮಗುಚಿ 16 ಜನ ತೀರಿಕೊಂಡದ್ದನ್ನು ಕಾರವಾರ ಮರೆತಿಲ್ಲ. ಮಕ್ಕಳೂ ಇದ್ದರು ಅದರಲ್ಲಿ.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಲ್ಲಿ 2021ರಲ್ಲಿ ಜಗತ್ತಿನಲ್ಲಿ ಸುಮಾರು 3 ಲಕ್ಷ ಜನ ಮುಳುಗಿ ಸತ್ತಿದ್ದಾರೆ. ಶಾಲೆಗೆ ಹೋಗುವ ವಯಸ್ಸಿನ ಮಕ್ಕಳಿಗೆ ಈಜು, ನೀರಿನ ಸುರಕ್ಷತೆ ಮತ್ತು ಸುರಕ್ಷಿತವಾಗಿ ರಕ್ಷಿಸುವ ಕ್ರಮ ಕಲಿಸಿ ಅನ್ನೋದು ಅದು ಕೊಡುವ ಮುಖ್ಯ ಸಲಹೆಗಳಲ್ಲಿ ಒಂದು. ಜುಲೈ 25 ಅನ್ನು ಮುಳುಗುವಿಕೆ ತಡೆಯುವ ದಿನ ಅಂತ ವಿಶ್ವಸಂಸ್ಥೆಯೇ 2021ರಲ್ಲಿ ಗೊತ್ತು ಮಾಡಿದೆ. ಆ ದಿನ ನಮ್ಮ ಕರಾವಳಿಯ ಎಲ್ಲ ಶಾಲೆಗಳಲ್ಲಿ ಸೆಳೆತದ ಬಗ್ಗೆ ಒಂದು ತರಗತಿ ನಡೆಯಲಿ. ಮಳೆಗಾಲದಲ್ಲಿ ನೀರಿಗೆ ಇಳಿಯುವ ಹಾಗಿಲ್ಲ, ಆದರೆ ಒಂದು ಫೋಟೋ ತೋರಿಸಿ ಸೆಳೆತ ಎಲ್ಲಿದೆ ಅಂತ ಮಕ್ಕಳ ಕೈಯಲ್ಲೇ ಗುರುತು ಹಾಕಿಸಬಹುದಲ್ವಾ? ಖಾಲಿ ಕೊಡ, ಬಾಟಲಿ, ಹಗ್ಗ, ಸೀರೆ ಎಸೆದು ಕಾಪಾಡಬೇಕು, ತಾನು ಹಾರಬಾರದು ಅಂತ ಅಂಗಳದಲ್ಲೇ ಕಲಿಸಬಹುದು. ಮುಳುಗುವವರನ್ನು ಹಿಡಿಯಲು ಹೋಗಿ ಇನ್ನೊಬ್ಬರು ಮುಳುಗುವ ಸುದ್ದಿಯನ್ನು ನೀವೇ ಎಷ್ಟು ಸಲ ಹಾಕಿಲ್ಲ?

ಎರಡನೆಯದು, ಕಾರವಾರದ ಕೊಲ್ಲಿಯಲ್ಲಿ ಅಳಿವೆಯಿಂದ ದೂರ ಒಂದು ಜಾಗ ಗುರುತಿಸಿ, ಬೋಯ್ ಹಗ್ಗ ಕಟ್ಟಿ, ಅಕ್ಟೋಬರ್‌ನಿಂದ ಮೇ ತನಕ ಬೆಳಗಿನ ಎರಡು ಗಂಟೆ ಲೈಫ್‌ಗಾರ್ಡ್ ನಿಲ್ಲಿಸಿ. ಕೆಂಪು ಹಳದಿ ಎರಡು ಬಣ್ಣದ ಬಾವುಟ ಇದ್ದರೆ ಅದರ ನಡುವೆ ಕಾವಲು ಇದೆ, ಬರೀ ಕೆಂಪು ಇದ್ದರೆ ಅಪಾಯ ಅನ್ನೋದು ಹಲವು ಕಡೆ ನಡೆಯುವ ಪದ್ಧತಿ. ಹೊನ್ನಾವರದ ಕಾಸರಕೋಡು ದಂಡೆಗೆ 2020ರಲ್ಲೇ ಬ್ಲೂ ಫ್ಲ್ಯಾಗ್, ಅಂದರೆ ಸ್ವಚ್ಛ, ಸುರಕ್ಷಿತ ಕಡಲತೀರಕ್ಕೆ ಕೊಡುವ ಅಂತರರಾಷ್ಟ್ರೀಯ ಮನ್ನಣೆ ಬಂದಿತ್ತು. ಜೀವರಕ್ಷಣೆಯ ಏರ್ಪಾಡು ಇಲ್ಲದೆ ಆ ಮನ್ನಣೆ ಸಿಗೋದಿಲ್ಲ. ಅಂದರೆ ನಮ್ಮ ಜಿಲ್ಲೆಯಲ್ಲಿ ಇದು ಮಾಡಿ ಗೊತ್ತಿರುವ ಕೆಲಸ. ಅಲ್ಲಿ ಆದದ್ದು ಜಿಲ್ಲಾ ಕೇಂದ್ರದಲ್ಲಿ, ಗೋಕರ್ಣದಲ್ಲಿ, ಮುರ್ಡೇಶ್ವರದಲ್ಲಿ ಆಗಲೇಬೇಕು.

ಕಲಿಸುವವರು ಎಲ್ಲಿದ್ದಾರೆ ಅಂತ ಕೇಳಬೇಡಿ. ನೌಕಾಪಡೆಯಿಂದ ನಿವೃತ್ತರಾದವರು ಇಲ್ಲೇ ಇದ್ದಾರೆ. ನೇತ್ರಾಣಿ ದ್ವೀಪಕ್ಕೆ ಸ್ಕೂಬಾ ಡೈವಿಂಗ್‌ಗೆ ಕರೆದೊಯ್ಯುವ ಹುಡುಗರು ಇದ್ದಾರೆ. ಹುಟ್ಟಿದಾಗಿನಿಂದ ಸಮುದ್ರ ನೋಡಿದ ಖಾರ್ವಿ, ಹರಿಕಂತ್ರ, ಗಾಬಿತ ಮನೆತನದ ಯುವಕರು ಇದ್ದಾರೆ, ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಇರುವಾಗ ಅವರಲ್ಲಿ ಹಲವರಿಗೆ ಕೆಲಸ ಇರೋದಿಲ್ಲ. ಆ 61 ದಿನದಲ್ಲಿ ಅವರಿಗೆ ಸಂಬಳ ಕೊಟ್ಟು, ದೊಡ್ಡವರಿಗೆ ಈಜು ಕಲಿಸುವ ತರಬೇತಿ, ಪ್ರಥಮ ಚಿಕಿತ್ಸೆ, ಸಿಪಿಆರ್ (ಎದೆ ಒತ್ತಿ, ಉಸಿರು ಕೊಟ್ಟು ಜೀವ ಉಳಿಸುವ ಕ್ರಮ) ತರಬೇತಿ ಕೊಡಿ. ಮಳೆ ಮುಗಿಯುವಷ್ಟರಲ್ಲಿ ತಯಾರಾಗುತ್ತಾರೆ. ಹೆಂಗಸರಿಗೆ ವಾರಕ್ಕೆ ಕೆಲವು ದಿನ ಬೇರೆ ಹೊತ್ತು ಇರಲಿ, ಕಲಿಸಲು ಹೆಂಗಸರೂ ಇರಲಿ. ತಳ್ಳಿ ಕಲಿಸೋದು ಬೇಡ ಅಂತ ಬರವಣಿಗೆಯಲ್ಲೇ ಇರಲಿ.

ಜಿಲ್ಲಾಡಳಿತಕ್ಕೆ, ಪ್ರವಾಸೋದ್ಯಮ ಇಲಾಖೆಗೆ ನಮ್ಮ ಗುಂಪಿನಿಂದ ಮನವಿ ತಯಾರು ಮಾಡಿದ್ದೇವೆ. ಸಹಿ ಹಾಕಲು ಇಷ್ಟ ಇರುವವರು ಭಾನುವಾರ ಬೆಳಿಗ್ಗೆ ಟ್ಯಾಗೋರ್ ಕಡಲತೀರದಲ್ಲಿ, ಯುದ್ಧನೌಕೆ ಮ್ಯೂಸಿಯಂ ಹತ್ತಿರ ನಮಗೆ ಸಿಗಬಹುದು. ಕಲಿಯುವ ಮನಸ್ಸಿದ್ದು ಹೆದರಿಕೆ ಇರುವವರೂ ಬನ್ನಿ, ನೀರಿಗೆ ಇಳಿಯಲೇಬೇಕು ಅಂತೇನಿಲ್ಲ, ಮೊದಲ ದಿನ ಬರೀ ಮಾತಾಡೋಣ.

ಇತಿ,
ನಿಮ್ಮ ಓದುಗರಲ್ಲಿ ಒಬ್ಬಳು,
ಕಾರವಾರ